ಲಿನಕ್ಸ್ ಡೆಸ್ಕ್‌ಟಾಪ್ ಪರಿಸರಗಳು

ಲಿನಕ್ಸ್ ಎಂಬುದು ಮೂಲತಃ ಒಂದು ಕರ್ನೆಲ್‌ನ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನ ಹೆಸರು. ತೆರೆಯ ಮೇಲೆ ಕಾಣುವ ಕಿಟಕಿ, ಮೆನು, ಫಲಕ, ಕಡತಗಳನ್ನು ತೆರೆದು ತೋರಿಸುವ ತಂತ್ರಾಂಶ ಇವು ಅದರ ಭಾಗವಲ್ಲ. ಡೆಸ್ಕ್‌ಟಾಪ್ ಪರಿಸರ ಎಂಬ ಬೇರೆಯೇ ತಂತ್ರಾಂಶ ಸಮೂಹಕ್ಕೆ ಸೇರಿದವು. ವಿಂಡೋಸ್‌ನಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಲಿನಕ್ಸ್‌ನಲ್ಲಿ ಹಾಗಲ್ಲ. ಆದ್ದರಿಂದಲೇ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಮಾಟೆ, ಸಿನಮನ್ ಇವುಗಳಲ್ಲಿ ತಮಗೆ ಯಾವುದು ಹಿತ ಎಂದು ಬಳಕೆದಾರರೇ ತೀರ್ಮಾನಿಸಬೇಕಾಗುತ್ತದೆ.

1984ರಲ್ಲಿ ಎಂಐಟಿಯಲ್ಲಿ ಹುಟ್ಟಿ ಮುಂದೆ ಲಿನಕ್ಸ್‌ಗೂ ಬಂದ ಎಕ್ಸ್ ವಿಂಡೋ ವ್ಯವಸ್ಥೆ ತೆರೆಯ ಮೇಲೆ ಚಿತ್ರ ಮೂಡಿಸುವ, ಮೌಸ್ ಮತ್ತು ಕೀಲಿಮಣೆಯ ಸೂಚನೆಗಳನ್ನು ತಲುಪಿಸುವ ಕೆಲಸವನ್ನಷ್ಟೇ ಮಾಡುತ್ತಿತ್ತು. ಗುಂಡಿ, ಮೆನು ಹೇಗಿರಬೇಕು ಎಂಬುದನ್ನು ತಂತ್ರಾಂಶ ಬರೆದವರಿಗೇ ಬಿಟ್ಟಿತ್ತು. ಪರಿಣಾಮವಾಗಿ ಒಂದೊಂದು ತಂತ್ರಾಂಶದ್ದು ಒಂದೊಂದು ದಾರಿ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ತಂತ್ರಾಂಶದ ಸ್ಕ್ರಾಲ್‌ಬಾರ್ ಮೇಲೆ ಮೌಸ್‌ನ ಎಡಗುಂಡಿ ಒತ್ತಿದರೆ ಪಠ್ಯ ಮುಂದಕ್ಕೆ, ಬಲಗುಂಡಿ ಒತ್ತಿದರೆ ಹಿಂದಕ್ಕೆ ಸರಿಯುತ್ತಿತ್ತು. ಹಿಡಿದೆಳೆಯಲು ನಡುಗುಂಡಿಯೇ ಬೇಕಿತ್ತು. ಪಕ್ಕದ ಕಿಟಕಿಗೆ ಹೋದರೆ ಈ ರೂಢಿ ಕೆಲಸಕ್ಕೆ ಬಾರದೆಯೂ ಇರಬಹುದಿತ್ತು. ಯುನಿಕ್ಸ್ ಕಂಪನಿಗಳು ಕೂಡಿ ರೂಪಿಸಿದ ಸಿಡಿಇ ಎಂಬ ಪರಿಸರವೇನೋ ಇತ್ತು, ಆದರೆ ಆಗ ಅದು ಮುಕ್ತ ತಂತ್ರಾಂಶವಾಗಿರಲಿಲ್ಲ.

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ 1996ರ ಅಕ್ಟೋಬರ್ 14ರಂದು ಕೆಡಿಇ ಯೋಜನೆಯನ್ನು ಪ್ರಕಟಿಸಿ, ಜೊತೆಗೂಡುವಂತೆ ಪ್ರೋಗ್ರಾಮರ್‌ಗಳನ್ನು ಕರೆದರು. ಎಲ್ಲ ತಂತ್ರಾಂಶಗಳಿಗೂ ಒಂದೇ ರೂಪ, ಒಂದೇ ನಡವಳಿಕೆ ಇರಬೇಕು, ಅದು ಸಾಮಾನ್ಯ ಬಳಕೆದಾರರಿಗೆ ಒಗ್ಗಬೇಕು ಎಂಬುದು ಅವರ ಹಂಬಲ. 1998ರ ಜುಲೈನಲ್ಲಿ ಮೊದಲ ಆವೃತ್ತಿ ಹೊರಬಂತು. ತೊಡಕಿದ್ದದ್ದು ಅದರ ತಳಪಾಯದಲ್ಲಿ. ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಲೈಬ್ರರಿಯ ಮೇಲೆ ಕೆಡಿಇ ನಿಂತಿತ್ತು. ಕ್ಯೂಟಿಯನ್ನು ತಿದ್ದಿ ಹಂಚುವ ಹಕ್ಕು ಆಗ ಯಾರಿಗೂ ಇರಲಿಲ್ಲ. ಪರವಾನಗಿಯ ಕಾರಣಕ್ಕೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆ 1998ರಲ್ಲಿ ಕೆಡಿಇಯನ್ನು ಕೈಬಿಟ್ಟಿತು.

ಇದೇ ಆಕ್ಷೇಪದಿಂದ ಗ್ನೋಮ್ ಹುಟ್ಟಿತು. 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ದ ಇಕಾಸಾ ಮತ್ತು ಫೆಡೆರಿಕೋ ಮೆನಾ ಅದನ್ನು ಆರಂಭಿಸಿದರು. ಗಿಂಪ್ ಚಿತ್ರ ಸಂಪಾದಕಕ್ಕಾಗಿ ಬರೆದಿದ್ದ ಜಿಟಿಕೆ ಲೈಬ್ರರಿ ಅದಕ್ಕೆ ಆಧಾರವಾಯಿತು. 2000ದ ಸೆಪ್ಟೆಂಬರ್‌ನಲ್ಲಿ ಕ್ಯೂಟಿ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ದೊರೆಯತೊಡಗಿದಾಗ ಜಗಳದ ಮೂಲವೇ ಹೋಯಿತು. ಅಷ್ಟರಲ್ಲಿ ಎರಡೂ ಯೋಜನೆಗಳು ಬೇರೂರಿದ್ದವು. ಫ್ರಾನ್ಸಿನ ಒಲಿವಿಯೇ ಫೂರ್ದಾನ್ ತೊಂಬತ್ತರ ದಶಕದಲ್ಲೇ ಆರಂಭಿಸಿದ್ದ ಎಕ್ಸ್‌ಎಫ್‌ಸಿಇ ಹಗುರವಾದದ್ದೇ ಸಾಕೆನ್ನುವವರನ್ನು ಸೆಳೆಯಿತು.

ಬಳಕೆದಾರರ ತಾಳ್ಮೆ ಕೆಟ್ಟದ್ದು ಮುಂದಿನ ವರ್ಷಗಳಲ್ಲಿ. 2008ರ ಕೆಡಿಇ 4.0 ಅರೆಬೆಂದ ಸ್ಥಿತಿಯಲ್ಲಿ ಬಂತು. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3, ವರ್ಷಗಳಿಂದ ಕೈಗೆ ಒಗ್ಗಿದ್ದ ಫಲಕ ಮತ್ತು ಮೆನುಗಳನ್ನೇ ತೆಗೆದುಹಾಕಿತು. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಮೊದಲ ಬಾರಿ ಕೆಡಿಇ ಬಿಟ್ಟು ಗ್ನೋಮ್‌ಗೆ, ಎರಡನೆಯ ಬಾರಿ ಗ್ನೋಮ್ ಬಿಟ್ಟು ಎಕ್ಸ್‌ಎಫ್‌ಸಿಇಗೆ ಹೋದರು. ಇನ್ನು ಕೆಲವರು ಗುಳೆ ಹೋಗುವ ಬದಲು ಹಳೆಯ ಮನೆಯನ್ನೇ ದುರಸ್ತಿಗೆ ತೆಗೆದುಕೊಂಡರು. ಅರ್ಜೆಂಟೀನಾದ ಬಳಕೆದಾರರೊಬ್ಬರು ಗ್ನೋಮ್ 2ರ ಆಕರವನ್ನು ಮುಂದುವರಿಸಿ, ದಕ್ಷಿಣ ಅಮೆರಿಕದ ಪೇಯದ ಹೆಸರನ್ನೇ ಇಟ್ಟು ಮಾಟೆ ಎಂದು ಕರೆದರು. ಲಿನಕ್ಸ್ ಮಿಂಟ್ ಎಂಬ ವಿತರಣೆಯ ತಂಡ ಸಿನಮನ್ ಕಟ್ಟಿತು. ಆಕರ ಮುಕ್ತವಾಗಿರದಿದ್ದರೆ ಗ್ನೋಮ್ 2 ಅಲ್ಲಿಗೇ ಮುಗಿದುಹೋಗುತ್ತಿತ್ತು. ಈ ಇತಿಹಾಸದ ಅತ್ಯಂತ ಬೆಲೆಯುಳ್ಳ ಅಧ್ಯಾಯ ಇದೇ. ಮತ್ತೊಂದು ವಿತರಣೆಯಾದ ಉಬುಂಟು 2011ರಿಂದ ತನ್ನದೇ ಯೂನಿಟಿ ಪರಿಸರವನ್ನು ಮುಂದಿಟ್ಟು, 2017ರಲ್ಲಿ ಗ್ನೋಮ್‌ಗೆ ಮರಳಿತು.

ಕನ್ನಡಿಗರಿಗೆ ಅಕ್ಷರ ಸರಿಯಾಗಿ ಮೂಡುವುದೇ ಮೊದಲ ಪರೀಕ್ಷೆ. ‘ಕರ್ನಾಟಕ’ ಎಂದು ಬರೆಯುವಾಗ ರ ಮೊದಲು, ನ ಆಮೇಲೆ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ. ತೆರೆಯ ಮೇಲೆ ಮಾತ್ರ ‘ನಾ’ ಮೊದಲು ಮೂಡಿ, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಬರಬೇಕು. ಈ ಜೋಡಣೆಗೆ ಇಂದು ಗ್ನೋಮ್, ಕೆಡಿಇ ಎರಡೂ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶವನ್ನು ನೆಚ್ಚಿವೆ. ಕೀಲಿಮಣೆ ಆಯ್ಕೆಗಳ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದೆ.

ಒಂದೇ ಕಂಪ್ಯೂಟರ್‌ನಲ್ಲಿ ಹಲವು ಪರಿಸರಗಳನ್ನು ಇಟ್ಟುಕೊಳ್ಳಬಹುದು. ಗ್ನೋಮ್‌ನ ಲಾಗಿನ್ ಪರದೆಯಲ್ಲಿ ಹೆಸರನ್ನು ಆರಿಸಿದ ಮೇಲೆ, ಗುಪ್ತಪದ ಕೊಡುವ ಮುನ್ನ, ಮೂಲೆಯಲ್ಲಿ ಹಲ್ಲುಗಾಲಿಯ ಚಿಹ್ನೆ ಕಾಣುತ್ತದೆ. ಅದನ್ನು ಒತ್ತಿ ಬೇರೆ ಪರಿಸರವನ್ನು ಹೊಕ್ಕು ನೋಡಬಹುದು. ಹಿಡಿಸದಿದ್ದರೆ ಹೊರಬಂದು ಮೊದಲಿನದಕ್ಕೇ ಮರಳಬಹುದು. ಬರೆದಿಟ್ಟ ಕಡತಗಳು ಎರಡರಲ್ಲೂ ಅದೇ ಜಾಗದಲ್ಲಿರುತ್ತವೆ.