ಸಿಂಧನೂರಿನಿಂದ ಲಿಂಗಸುಗೂರಿಗೆ: ಮಾತನಾಡುವ ಕಲ್ಲುಗಳು, ಮಾತಿಲ್ಲದ ದಿಬ್ಬಗಳು

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಬಸ್ಸಿನ ಕಿಟಕಿಯಿಂದ ನೋಡುವ ಪ್ರಯಾಣಿಕನಿಗೆ ಈ ದಾರಿಯಲ್ಲಿ ಕಾಣುವ ಬರಹಗಳೆಂದರೆ ಕಿಲೋಮೀಟರ್ ಕಲ್ಲುಗಳು, ರಸಗೊಬ್ಬರದ ಜಾಹೀರಾತುಗಳು ಮತ್ತು ಹುಟ್ಟುಹಬ್ಬದ ಶುಭಾಶಯದ ಬ್ಯಾನರುಗಳು. ಇಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಬರಹವೊಂದು ರಸ್ತೆಯಿಂದ ಕಾಲ್ನಡಿಗೆಯ ದೂರದಲ್ಲಿದೆಯೆಂದು ಆತನಿಗೆ ತಿಳಿಯುವುದು ಕಷ್ಟ. ಅದಕ್ಕೂ ಎರಡು ಸಾವಿರ ವರ್ಷ ಹಿಂದಿನ ಜನರ ಗುರುತುಗಳು ಈ ಸೀಮೆಯ ಹೊಲಗಳ ನಡುವೆ ಇವೆಯೆಂದು ತಿಳಿಯುವುದಂತೂ ಅಸಾಧ್ಯ.

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಮಸ್ಕಿಯೆಂದರೆ ಬಹುಕಾಲ ಒಂದು ಅಂಕದ ಪ್ರಶ್ನೆಯಾಗಿತ್ತು. "ಮಸ್ಕಿ ಶಾಸನದ ಮಹತ್ವವೇನು?" ಉತ್ತರ: "ಇದರಲ್ಲಿ ಅಶೋಕನ ಹೆಸರಿದೆ." ಮಕ್ಕಳು ಬರೆಯುತ್ತಿದ್ದರು, ನಾವು ಒಂದು ಅಂಕ ಕೊಡುತ್ತಿದ್ದೆವು. ಆ ಒಂದು ಅಂಕದ ಹಿಂದೆ ಇರುವ ಕಥೆಯನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ, ಓದುಗರು ಸಹನೆಯಿಂದ ಕೇಳಬೇಕು.

1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಕಂಡುಹಿಡಿದರು. ಭಾರತದ ನಾನಾ ಕಡೆ ಬಂಡೆಗಳ ಮೇಲೂ ಕಂಬಗಳ ಮೇಲೂ ಇದ್ದ ಬರಹಗಳೆಲ್ಲ "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ಅರಸನವು ಎಂದು ಆಗ ತಿಳಿಯಿತು. ಆದರೆ ಈ ದೇವಾನಾಂಪ್ರಿಯನು ಯಾರು? ಪುರಾಣಗಳ ರಾಜವಂಶಾವಳಿಯಲ್ಲಿ ಆ ಹೆಸರಿಲ್ಲ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಎಂಬ ವಿದ್ವಾಂಸ ಅಲ್ಲಿಯ ಪಾಳಿ ಗ್ರಂಥವಾದ ದೀಪವಂಸದ ಆಧಾರದಿಂದ, ಪ್ರಿಯದರ್ಶಿಯೆಂದರೆ ಚಂದ್ರಗುಪ್ತನ ಮೊಮ್ಮಗನಾದ ಅಶೋಕನೇ ಎಂದು ತೋರಿಸಿದರು. ಅದು ಯುಕ್ತವಾದ ಅನುಮಾನವೇ ಸರಿ. ಜುನಾಗಢದಲ್ಲಿರುವ ರುದ್ರದಾಮನನ ಶಾಸನದಲ್ಲಿ ಮೌರ್ಯ ಅಶೋಕನ ಹೆಸರು ಬರುತ್ತದೆ, ಆದರೆ ಅದು ಅಶೋಕನಿಗೆ ಸುಮಾರು ನಾಲ್ಕು ಶತಮಾನ ಈಚಿನದು. ಅಶೋಕನೇ ಬರೆಸಿದ ಕಲ್ಲಿನಲ್ಲಿ ಅವನ ಹೆಸರು ಸಿಗಬೇಕಾಗಿತ್ತು. ಅದಕ್ಕಾಗಿ ಇತಿಹಾಸ 78 ವರ್ಷ ಕಾಯಬೇಕಾಯಿತು.

1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಆ ಬರಹವನ್ನು ಕಂಡರು. ಅವರು ಹೊರಟದ್ದು ಶಾಸನ ಹುಡುಕಲಲ್ಲ, ಚಿನ್ನ ಹುಡುಕಲು. ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಪುರಾತತ್ವ ಇಲಾಖೆ ಹಿಂದಿನ ವರ್ಷವಷ್ಟೇ, ಅಂದರೆ 1914ರಲ್ಲಿ, ಗುಲಾಂ ಯಾಜ್ದಾನಿಯವರ ನೇತೃತ್ವದಲ್ಲಿ ಆರಂಭವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಸಂಪಾದಿಸಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೆಯ ಪ್ರಕಟಣೆಯೇ ಈ ಮಸ್ಕಿ ಶಾಸನ. ಎಂಟು ಸಾಲುಗಳ, ಅಲ್ಲಲ್ಲಿ ಸವೆದುಹೋದ ಆ ಬರಹದ ಮೊದಲಲ್ಲೇ "ದೇವಾನಂಪಿಯಸ ಅಸೋಕಸ" ಎಂದಿತ್ತು. ದೇವರಿಗೆ ಪ್ರಿಯನಾದ ಅಶೋಕನ ಮಾತು ಎಂದರ್ಥ. ಅಲ್ಲಿಗೆ ಅನುಮಾನ ಮುಗಿದು ಪ್ರಮಾಣ ದೊರಕಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳಗಳಲ್ಲಿಯೂ ಅಶೋಕನ ಹೆಸರಿರುವ ಶಾಸನಗಳು ಸಿಕ್ಕಿವೆ. ಅವೆಲ್ಲ ತಮ್ಮಂದಿರು, ಅಣ್ಣ ಮಸ್ಕಿಯೇ.

ಹೆಸರಿನ ಸಂಭ್ರಮದಲ್ಲಿ ಶಾಸನದ ಒಡಲನ್ನು ನಾವು ಮರೆತಿದ್ದೇವೆಂದು ನನಗೆ ಅನ್ನಿಸುತ್ತದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಸಂಘವನ್ನು ಸೇರಿ ಶ್ರದ್ಧೆಯಿಂದ ನಡೆದು ವರ್ಷವಾಯಿತು ಎಂದು ಚಕ್ರವರ್ತಿ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ನಡೆದರೆ ಸಣ್ಣವನೂ ಈ ಫಲವನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬೇಡಿರಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿರಿ ಎಂಬುದು ಅದರ ತಾತ್ಪರ್ಯ. ಎಂತಹ ಮಾತು! ಆದರೆ ಆ ಮಾತು ಪ್ರಾಕೃತದಲ್ಲಿದೆ, ಬ್ರಾಹ್ಮೀ ಲಿಪಿಯಲ್ಲಿದೆ. ಗುಡ್ಡದ ಬುಡದಲ್ಲಿ ದನ ಮೇಯಿಸುತ್ತಿದ್ದ, ಕಬ್ಬಿಣ ಕಾಯಿಸುತ್ತಿದ್ದ ಅಂದಿನ ಮಸ್ಕಿಯ ಜನ ಆಡುತ್ತಿದ್ದ ಭಾಷೆ ಅದಾಗಿರಲಾರದು. ಅಧಿಕಾರಿಯೊಬ್ಬ ಗಟ್ಟಿಯಾಗಿ ಓದಿ, ಮತ್ತೊಬ್ಬ ಅದನ್ನು ಊರ ಮಾತಿನಲ್ಲಿ ಹೇಳಿರಬೇಕು. ಆ ಎರಡನೆಯವನಿಲ್ಲದಿದ್ದರೆ ಕಲ್ಲು ಆ ದಿನವೇ ಮೂಕ. ನನ್ನ ಮಟ್ಟಿಗೆ ಈ ಪ್ರಬಂಧದ ವಿಷಯವೇ ಆ ಎರಡನೆಯವನು.

ಇಂದು ಅವನ ಜಾಗದಲ್ಲಿ ಏನಿದೆ? ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕಗಳ ಮುಂದೆ ದೇಶದಾದ್ಯಂತ ನಿಲ್ಲಿಸುವ ನೀಲಿ ಫಲಕ ಓದುಗರಿಗೆ ಪರಿಚಿತವೇ. ಅದು 1958ರ ಕಾಯಿದೆಯನ್ನು ಉಲ್ಲೇಖಿಸಿ, ಸ್ಮಾರಕಕ್ಕೆ ಹಾನಿ ಮಾಡಿದರೆ ಆಗುವ ಶಿಕ್ಷೆಯನ್ನು ತಿಳಿಸುತ್ತದೆ. 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆಮನೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. 100 ಮೀಟರಿನೊಳಗೆ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಇದೆಲ್ಲ ಅವಶ್ಯಕ, ನಾನು ವಿರೋಧಿಸುವವನಲ್ಲ. ಆದರೂ ಕಲ್ಲು ಏನು ಹೇಳುತ್ತದೆ ಎಂಬುದಕ್ಕಿಂತ ಕಲ್ಲನ್ನು ಮುಟ್ಟಿದರೆ ಏನಾಗುತ್ತದೆ ಎಂಬುದನ್ನೇ ಮೊದಲು ಓದುವ ಮಗು ಆ ಸ್ಥಳವನ್ನು ಪೊಲೀಸ್ ಠಾಣೆಯಂತೆ ಭಾವಿಸಿದರೆ ಮಗುವನ್ನು ದೂರುವುದು ಹೇಗೆ?

ಮಸ್ಕಿಗೆ ಅಶೋಕನ ಕಥೆಯೊಂದೇ ಅಲ್ಲ. ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಇದನ್ನು ಪಿರಿಯ ಮೊಸಂಗಿ ಎಂದು ಕರೆಯುತ್ತವೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ ಚೋಳರೂ ಚಾಲುಕ್ಯರೂ ಕಾದಾಡಿದರು. ಚಾಲುಕ್ಯ ಜಯಸಿಂಹನನ್ನು ತಾನು ಮುಶಂಗಿಯಲ್ಲಿ ಸೋಲಿಸಿದುದಾಗಿ ರಾಜೇಂದ್ರ ಚೋಳನ ಪ್ರಶಸ್ತಿ ಹೇಳುತ್ತದೆ. ಸುಮಾರು 1021ರ ಆ ಕಾಳಗದ ಮುಶಂಗಿ ಈ ಮಸ್ಕಿಯೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಮೌರ್ಯರ ದಕ್ಷಿಣದ ಪ್ರಾಂತ ರಾಜಧಾನಿಯಾಗಿದ್ದ ಸುವರ್ಣಗಿರಿಯೂ ಮಸ್ಕಿಯೇ ಎಂದವರುಂಟು. ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವವರೂ, ಆಂಧ್ರದ ಎರ್ರಗುಡಿಯ ಸಮೀಪದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಆ ವ್ಯಾಜ್ಯ ಸದ್ಯಕ್ಕೆ ಮುಗಿಯುವಂತಿಲ್ಲ, ನಾವು ಮುಂದೆ ಹೋಗೋಣ.

ಚಿನ್ನದ ಮಾತು ಬಂದುದರಿಂದ ಹಟ್ಟಿಯನ್ನು ಹೇಳದೆ ಇರಲಾಗದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಿನ ಗಣಿ ಕೆಲಸದವರಿಗೆ ತಮಗಿಂತ ಹಿಂದಿನವರು ತೋಡಿದ ಹಳೆಯ ಸುರಂಗಗಳು ಸಿಕ್ಕವು. ಅವು ಸುಮಾರು 640 ಅಡಿ ಆಳಕ್ಕೆ ಇಳಿದಿದ್ದವು. ಒಳಗೆ ಆಸರೆಗೆ ನಿಲ್ಲಿಸಿದ್ದ ಮರದ ತುಂಡುಗಳನ್ನು ಇಂಗಾಲ ಪರೀಕ್ಷೆಗೆ ಒಳಪಡಿಸಿದಾಗ ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ವಯಸ್ಸು ಬಂದಿತು. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ಎಣ್ಣೆಯ ದೀಪದಲ್ಲಿ ಬಂಡೆಗೆ ಬೆಂಕಿ ಹಾಕಿ ನೀರೆರಚಿ ಒಡೆಯುತ್ತ ಅಷ್ಟು ಆಳಕ್ಕೆ ಇಳಿದವರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ರಾಜನ ಹೆಸರು ಕಲ್ಲಿನ ಮೇಲೆ ಉಳಿಯಿತು, ರಾಜನ ಚಿನ್ನವನ್ನು ತೆಗೆದವನದು ಉಳಿಯಲಿಲ್ಲ.

ಲಿಂಗಸುಗೂರು ಊರಿಗೇ ಎರಡು ಮುಖ. ಹಳೆಯ ಊರು ಕಸಬಾ ಲಿಂಗಸುಗೂರು. ಈಗಿನ ಪೇಟೆ ಬೆಳೆದದ್ದು ಛಾವಣಿಯ ಸುತ್ತ, ಅಂದರೆ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಠಾಣ್ಯದ ಸುತ್ತ. 1853ರ ಒಪ್ಪಂದದಂತೆ ರಾಯಚೂರು ದೋಆಬ್ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು. 1903ರಲ್ಲಿ ಕಂಟಿಂಜೆಂಟ್ ಪಡೆ ಭಾರತೀಯ ಸೇನೆಯಲ್ಲಿ ಲೀನವಾಯಿತು. ಅಲ್ಲಿಯವರೆಗೆ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು 1905ರಲ್ಲಿ ಆ ಪಟ್ಟವನ್ನೂ ಕಳೆದುಕೊಂಡು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಾಯಿತು. ಈ ತಾಲ್ಲೂಕಿನಲ್ಲೇ ಇದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. "ನಮ್ಮೂರು ಒಂದು ಕಾಲಕ್ಕೆ ಜಿಲ್ಲೆ ಆಗಿತ್ತಂತ್ರೀ" ಎಂದು ಹಿರಿಯರು ಹೇಳುತ್ತಿದ್ದುದನ್ನು ಬಡಾಯಿಯೆಂದು ನಗುತ್ತಿದ್ದ ತರುಣರನ್ನು ನಾನು ಕಂಡಿದ್ದೇನೆ. ಹಿರಿಯರು ಹೇಳಿದ್ದು ಅಕ್ಷರಶಃ ಸತ್ಯ.

ಮುದಗಲ್ಲಿನ ಕೋಟೆಗೆ ಯಾರ ಪರಿಚಯವೂ ಬೇಡ. ಬಹಮನಿ, ವಿಜಯನಗರ, ಆದಿಲಶಾಹಿ ಅರಸರು ಸರದಿಯಂತೆ ಅದನ್ನು ಗೆದ್ದು, ಕಳೆದುಕೊಂಡು, ಮತ್ತೆ ಗೆದ್ದರು. ಅದರ ಬಾಗಿಲುಗಳಲ್ಲಿ ಕನ್ನಡವೂ ಫಾರಸಿಯೂ ಇವೆ. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳ ಮೇಲೆ ದೇವರಾಯನಿಗಿದ್ದ ಮೋಹವೇ ಕಾರಣವೆಂದು ಫಿರಿಸ್ತಾ ಬರೆಯುತ್ತಾನೆ. ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ಹತ್ತಿಯೂ ಜೋಳವೂ ಬೆಳೆಯುವ ಎರೆಭೂಮಿ, ಎರಡು ನದಿ, ಚಿನ್ನದ ಗಣಿ, ಇಷ್ಟಿರುವ ನಾಡಿಗಾಗಿ ಅರಸರು ಕಾದಾಡಲು ಒಬ್ಬ ಹೆಣ್ಣುಮಗಳನ್ನು ನೆಪವಾಗಿ ತರಬೇಕಾಗಿರಲಿಲ್ಲ. ಮುದಗಲ್ಲಿನ ಕೋಟೆಗಿಂತ ಅಲ್ಲಿಯ ಮೊಹರಂ ನನಗೆ ಹೆಚ್ಚು ಜೀವಂತವಾದ ಸ್ಮಾರಕ. ಹಿಂದೂಗಳೂ ಮುಸಲ್ಮಾನರೂ ಕೂಡಿ ಆಚರಿಸುವ ಅದಕ್ಕೆ ಫಲಕದ ಅಗತ್ಯವಿಲ್ಲ, ಪ್ರತಿವರ್ಷ ಜನರೇ ಅದನ್ನು ಓದಿ ಹೇಳುತ್ತಾರೆ.

ನಿಜವಾದ ಸಂಕಟ ಇರುವುದು ಅಕ್ಷರವಿಲ್ಲದ ಸ್ಮಾರಕಗಳ ವಿಷಯದಲ್ಲಿ. ಮುದಗಲ್ಲಿನ ಸಮೀಪದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಇಣಿಯುಳ್ಳ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. 1952ರಲ್ಲಿ ರೇಮಂಡ್ ಆಲ್ಚಿನ್ ಅಲ್ಲಿ ಉತ್ಖನನ ನಡೆಸಿದರು. ಅವರ ವರದಿ ಹೊರಬಂದದ್ದು 1960ರಲ್ಲಿ, ಆಂಧ್ರಪ್ರದೇಶ ಸರ್ಕಾರದ ಮಾಲೆಯಲ್ಲಿ! ಆ ಹೊತ್ತಿಗೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷಗಳಾಗಿದ್ದವು. ಹೈದರಾಬಾದ್ ರಾಜ್ಯ ಒಡೆದಾಗ ನೆಲ ಇತ್ತ ಬಂತು, ಕಾಗದ ಅತ್ತ ಉಳಿಯಿತು. ನಮ್ಮ ಸೀಮೆಯ ಚರಿತ್ರೆ ನಮ್ಮ ಮಕ್ಕಳಿಗೆ ದೂರವಾದುದರಲ್ಲಿ ಇದರ ಪಾಲೂ ಇದೆ. ಮಸ್ಕಿಯಲ್ಲಿ ಯಾಜ್ದಾನಿಯವರ ಇಲಾಖೆ 1935ರಿಂದ 1937ರವರೆಗೂ, ಬಿ.ಕೆ. ಥಾಪರ್ ಅವರು 1954ರಲ್ಲೂ ಅಗೆದು, ನವಶಿಲಾಯುಗದಿಂದ ಮಧ್ಯಯುಗದವರೆಗೆ ಜನವಸತಿಯ ನಾಲ್ಕು ಹಂತಗಳನ್ನು ಗುರುತಿಸಿದರು. 2010ರ ನಂತರ ಆಂಡ್ರ್ಯೂ ಬಾವರ್ ಮತ್ತು ಪೀಟರ್ ಜೊಹಾನ್ಸೆನ್ ಅವರ ತಂಡ ಮಸ್ಕಿಯ ಸುತ್ತಿನ ಹೊಲ ಗುಡ್ಡಗಳನ್ನು ನಡೆದು ಸಮೀಕ್ಷಿಸಿದೆ. ಇವೆಲ್ಲವೂ ಇಂಗ್ಲಿಷಿನಲ್ಲಿವೆ. ಮತ್ತೆ ಅದೇ ಪ್ರಶ್ನೆ: ಆ ಎರಡನೆಯವನು ಎಲ್ಲಿ?

ಬೂದಿದಿಬ್ಬಗಳ ಗತಿ ಇನ್ನೂ ಕಷ್ಟದ್ದು. ಲಿಂಗಸುಗೂರು ತಾಲ್ಲೂಕಿನ ವಂದಲಿಯಲ್ಲಿ ಇಂತಹ ದಿಬ್ಬ ದಾಖಲಾಗಿದೆ. ಜನರು ಇವನ್ನು ರಾಕ್ಷಸರ ಸುಟ್ಟ ಮೂಳೆಯೆಂದು ಬಗೆದದ್ದುಂಟು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ಚಿತಾಭಸ್ಮವೆಂದು ಪ್ರತೀತಿ. ಕಬ್ಬಿಣ ಕರಗಿಸಿದ ಕಿಟ್ಟವೆಂದು ಹಿಂದಿನ ಕೆಲವು ಆಂಗ್ಲರು ಊಹಿಸಿದ್ದರು. ನವಶಿಲಾಯುಗದ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಾಗ ಉಂಟಾದ ಬೂದಿಯಿದೆಂದು ಆಲ್ಚಿನ್ ಅವರ ಉತ್ನೂರು ಉತ್ಖನನವೂ, 1960ರಲ್ಲಿ ಪ್ರಕಟವಾದ ಜೂಯ್ನರ್ ಅವರ ಪರೀಕ್ಷೆಯೂ ಸ್ಥಿರಪಡಿಸಿದವು. ಅಂದರೆ ನಾಲ್ಕೈದು ಸಾವಿರ ವರ್ಷದ ಹಿಂದಿನ ದನದ ಹಟ್ಟಿ! ಆದರೆ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಬಂಡಿಗಟ್ಟಲೆ, ಆಮೇಲೆ ಟ್ರ್ಯಾಕ್ಟರ್‌ಗಟ್ಟಲೆ, ಎಷ್ಟೋ ದಿಬ್ಬಗಳು ಹೊಲ ಸೇರಿವೆ. ರೈತನನ್ನು ನಾನು ನಿಂದಿಸಲಾರೆ. ಅವನ ಹೊಲದಲ್ಲಿದ್ದದ್ದು ಅವನಿಗೆ ಬೂದಿಯೇ, ಬೇರೇನೆಂದು ಹೇಳಲು ಯಾರೂ ಹೋಗಿರಲಿಲ್ಲ.

ಸಿಂಧನೂರಿನ ಕಡೆ ನೆಲದ ರೂಪವೇ ಬದಲಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿದ್ದ ನಂತರ ಎಡದಂಡೆಯ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗೆ ಸಮತಟ್ಟು ಬೇಕು, ಸಮತಟ್ಟಿಗೆ ಉಬ್ಬುತಗ್ಗುಗಳು ಹೋಗಬೇಕು. ಉಬ್ಬುತಗ್ಗುಗಳಲ್ಲೇ ಹಳೆಯ ಊರುಗಳು ಅಡಗಿರುವುದು. ನೀರಿನ ಹಿಂದೆ ಆಂಧ್ರದ ರೈತರು ಬಂದರು, ಅವರ ನೆಲೆಗಳು ಕ್ಯಾಂಪುಗಳಾದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇಲ್ಲಿ ಜಾಗ ದೊರೆತು, ಅವರ ಊರುಗಳು ಇಂದಿಗೂ ಆರ್.ಎಚ್. ಕ್ಯಾಂಪ್ ಎರಡು, ಮೂರು, ನಾಲ್ಕು ಎಂಬ ಸಂಖ್ಯೆಯಿಂದಲೇ ಪ್ರಸಿದ್ಧವಾಗಿವೆ. ಅಲ್ಲಿಯ ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ನನಗೆ ಅದು ಕೂಡ ಚರಿತ್ರೆಯೇ, ಸಂಖ್ಯೆಯ ಹೆಸರುಳ್ಳ ಊರಿನ ಕಥೆಯನ್ನು ಬರೆದಿಡುವ ಹಿರಿಯರು ಇನ್ನೂ ಅಲ್ಲಿರುವಾಗಲೇ ಬರೆಯಿಸಿಕೊಳ್ಳಬೇಕು.

ನಮ್ಮ ನಿವೃತ್ತ ಶಿಕ್ಷಕ ಮಿತ್ರರು ಕೂಡಿದಾಗ ಫಲಕಗಳ ವಿಚಾರ ಬಂದರೆ ಶಿಲಾಫಲಕ, ಉದ್ಘಾಟಕರು, ಅಧ್ಯಕ್ಷತೆ ಎಂದು ಮಾತು ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಅಷ್ಟೆಲ್ಲ ಬೇಡ. ಗ್ರಾಮ ಪಂಚಾಯಿತಿಯ ಅನುಮತಿ ಪಡೆದು, ಸ್ಥಳದಿಂದ ಸ್ವಲ್ಪ ದೂರದಲ್ಲಿ ಒಂದು ತಗಡಿನ ಹಲಗೆ, ಪೇಂಟರನ ಒಂದು ದಿನದ ಕೂಲಿ, ಇಷ್ಟು ಸಾಕು. ಬೂದಿದಿಬ್ಬದ ಹಲಗೆಗೆ ನಾನು ಬರೆದಿಟ್ಟುಕೊಂಡಿರುವ ಒಕ್ಕಣೆ ಹೀಗಿದೆ. ತಿದ್ದುವವರು ತಿದ್ದಬಹುದು:

"ಇದು ದನದ ಸಗಣಿಯ ಬೂದಿ. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ದನದ ದೊಡ್ಡಿ ಇತ್ತು. ದೊಡ್ಡಿಯವರು ಕಲ್ಲಿನ ಕೊಡಲಿ ಬಳಸುತ್ತಿದ್ದರು, ಎತ್ತಿನ ಚಿತ್ರ ಬಿಡಿಸುತ್ತಿದ್ದರು. ಅವರ ಹೆಸರು ತಿಳಿದಿಲ್ಲ. ದಯಮಾಡಿ ಇಲ್ಲಿಂದ ಮಣ್ಣು ಒಯ್ಯಬೇಡಿರಿ."