ಅಸ್ಥಿಯ ಕ್ಷಯವೃದ್ಧಿಗಳು

ಮನೆಯ ಕಂಭದಂತೆ ಮೂಳೆಯೂ ಒಮ್ಮೆ ಬಲಿತು ನಿಂತ ಮೇಲೆ ಮಾರ್ಪಡದೆ ದೇಹವನ್ನು ಹೊತ್ತಿರುವುದೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ನಿಜಸ್ಥಿತಿಯು ಹಾಗಿಲ್ಲ. ಮೂಳೆಯನ್ನು ಕಟ್ಟುವ ಜೀವಕೋಶಗಳೂ ಕರಗಿಸುವ ಜೀವಕೋಶಗಳೂ ಬಾಳಿನುದ್ದಕ್ಕೂ ದುಡಿಯುತ್ತಲೇ ಇರುವುವು. ಕರಗಿದಷ್ಟನ್ನು ಕಟ್ಟುತ್ತಿರುವವರೆಗೆ ಕ್ಷೇಮ. ಕರಗುವುದು ಮಿಗಿಲಾದರೆ ಮೂಳೆಯು ಒಳಗೊಳಗೇ ಟೊಳ್ಳಾಗಿ, ಬಚ್ಚಲಿನಲ್ಲಿ ಕಾಲು ಜಾರಿದ ಮಾತ್ರಕ್ಕೆ ವೃದ್ಧೆಯ ತೊಡೆಯ ಮೂಳೆಯು ಮುರಿಯುವುದು. ಈ ಸಮತೂಕವನ್ನು ಕಾಯುವವರಾರೆಂಬ ಪ್ರಶ್ನೆಯು ಅರ್ಧ ಶತಮಾನಕ್ಕೂ ಮಿಕ್ಕು ವಿದ್ವಾಂಸರನ್ನು ಕಾಡಿತು.

1941ರಲ್ಲಿ ಅಮೆರಿಕಾದ ಬಾಸ್ಟನ್ ನಗರದ ವೈದ್ಯರಾದ ಫುಲ್ಲರ್ ಆಲ್‌ಬ್ರೈಟ್ ಅವರು ತಮ್ಮ ಸಹೋದ್ಯೋಗಿಗಳೊಡನೆ, ಈ ರೋಗವು ಮುಟ್ಟು ನಿಂತ ಸ್ತ್ರೀಯರಲ್ಲಿ ವಿಶೇಷವಾಗಿರುವುದನ್ನು ವಿವರಿಸಿ, ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಕೊರತೆಯೇ ಇದಕ್ಕೆ ಕಾರಣವೆಂದು ಸಾರಿದರು. ಕಾರಣವು ಸರಿಯಾಗಿದ್ದಿತು, ವಿವರಣೆಯು ಸರಿಯಾಗಿರಲಿಲ್ಲ. ಕಟ್ಟುವ ಕೋಶಗಳು ಸೊರಗುವುವೆಂದು ಅವರ ಊಹೆ. ಕರಗಿಸುವ ಕೋಶಗಳು ಮೇರೆಮೀರುವುದೇ ಮುಖ್ಯವೆಂಬುದು ಅನಂತರ ತಿಳಿದುಬಂದಿತು.

ಈಸ್ಟ್ರೊಜೆನ್ನಿನಂತೆಯೇ ಸ್ಟೆರಾಯ್ಡ್ ಕುಲಕ್ಕೆ ಸೇರಿದ ಮತ್ತೊಂದು ಹಾರ್ಮೋನು ಕಾರ್ಟಿಸೋನ್. 1948ರಲ್ಲಿ ಮೇಯೊ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಅವರು ಇದನ್ನು ಕೀಲುವಾತದ ರೋಗಿಗೆ ಚುಚ್ಚಿದಾಗ, ನಡೆಯಲಾರದವರು ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಉರಿಯೂತವನ್ನು ತಣಿಸಿದ ಈ ಮದ್ದೇ ಬಹುಕಾಲ ಸೇವಿಸಿದವರ ಮೂಳೆಗಳನ್ನು ಸವೆಯಿಸಿತು. ಒಂದು ಸ್ಟೆರಾಯ್ಡಿನ ಕೊರತೆಯಿಂದ ಮೂಳೆಗೆ ಹಾನಿ, ಮತ್ತೊಂದರ ಅತಿಶಯದಿಂದಲೂ ಹಾನಿ! ಇದು ಹೇಗೆ?

ಇದರ ಬಗೆಗೆ ಮೊದಲ ಸುಳಿವು ಅನಿರೀಕ್ಷಿತವಾದ ಎಡೆಯಿಂದ ಬಂದಿತು. 1972ರಲ್ಲಿ ಹಾರ್ಟನ್, ರೈಜ್ ಮೊದಲಾದವರು, ಹಲ್ಲಿನ ಮೇಲೆ ಕಟ್ಟುವ ಪಾಚಿಯಂತಹ ಮಲಿನದಿಂದ ಮನುಷ್ಯನ ರಕ್ತದ ಬಿಳಿಯ ಕಣಗಳನ್ನು ಕೆರಳಿಸಿದರು. ಆ ಕಣಗಳು ಸ್ರವಿಸಿದ ದ್ರವವು ಮೂಳೆಯನ್ನು ಕರಗಿಸಿತು. ರೋಗನಿರೋಧಕ್ಕೆಂದು ಹುಟ್ಟಿದ ಕಣಗಳಿಗೆ ಮೂಳೆಯೊಡನೆಯೂ ಸಂಬಂಧವುಂಟೆಂದಾಯಿತು. ಆ ದ್ರವದ ಸಾರವು ಇಂಟರ್‌ಲೂಕಿನ್-1 ಎಂಬ ಸಂದೇಶವಸ್ತುವೇ ಎಂದು 1985ರಲ್ಲಿ ಗೊತ್ತಾಯಿತು. 1988ರಲ್ಲಿ ಮೂಳೆ ಕಟ್ಟುವ ಕೋಶಗಳಲ್ಲಿಯೇ ಈಸ್ಟ್ರೊಜೆನ್ನಿನ ಗ್ರಾಹಕಗಳು ಕಂಡುಬಂದುವು. 1992ರಲ್ಲಿ ಜಿಲ್ಕಾ, ಮನೋಲಾಗಾಸ್ ಮೊದಲಾದವರು ಈ ಎರಡು ಎಳೆಗಳನ್ನೂ ಕೂಡಿಸಿದರು: ಅಂಡಾಶಯವನ್ನು ತೆಗೆದ ಇಲಿಗಳಲ್ಲಿ ಕರಗಿಸುವ ಕೋಶಗಳು ಹೆಚ್ಚಿದುವು, ಈಸ್ಟ್ರೊಜೆನ್ನನ್ನು ಕೊಟ್ಟರೂ, ಇಂಟರ್‌ಲೂಕಿನ್-6ನ್ನು ತಡೆದರೂ, ಆ ಹೆಚ್ಚಳವು ನಿಂತಿತು.

1997-98ರಲ್ಲಿ ಮುಖ್ಯ ರಹಸ್ಯವು ಬಯಲಾಯಿತು. ಅಮೆರಿಕಾದ ಒಂದು ಔಷಧ ಸಂಸ್ಥೆಯವರೂ ಜಪಾನಿನ ಒಂದು ಹಾಲಿನ ಕಂಪನಿಯವರೂ ಬೇರೆಬೇರೆಯಾಗಿ ಅರಸುತ್ತ, ಕರಗಿಸುವ ಕೋಶಗಳನ್ನು ಹುಟ್ಟಿಸುವ ವಸ್ತುವನ್ನೂ ಅದನ್ನು ಹಿಡಿದು ನಿಲ್ಲಿಸುವ ಆಸ್ಟಿಯೊಪ್ರೊಟೆಗೆರಿನ್ನನ್ನೂ ಕಂಡುಕೊಂಡರು. ಸೋಜಿಗವೇನೆಂದರೆ, ಆ ಹುಟ್ಟಿಸುವ ವಸ್ತುವನ್ನು ರೋಗನಿರೋಧ ಶಾಸ್ತ್ರಜ್ಞರು 1997ರಲ್ಲಿಯೇ ಕಂಡು ರ‍್ಯಾಂಕ್-ಎಲ್ ಎಂದು ಹೆಸರಿಟ್ಟಿದ್ದರು! ಅದಿಲ್ಲದೆ ಹುಟ್ಟಿದ ಇಲಿಗಳಲ್ಲಿ ಮೂಳೆ ಕರಗಿಸುವ ಕೋಶಗಳೂ ಇಲ್ಲ, ದುಗ್ಧಗ್ರಂಥಿಗಳೂ ಇಲ್ಲವೆಂದು 1999ರಲ್ಲಿ ತೋರಿತು. ಈಸ್ಟ್ರೊಜೆನ್ ಈ ವಸ್ತುವನ್ನು ಅಂಕೆಯಲ್ಲಿಡುವುದು. ಕಾರ್ಟಿಸೋನಿನ ಬಳಗವಾದರೋ ಅದನ್ನು ಹೆಚ್ಚಿಸಿ, ತಡೆಯುವ ವಸ್ತುವನ್ನು ಕುಗ್ಗಿಸಿ, ಕಟ್ಟುವ ಕೋಶಗಳನ್ನೂ ಕುಂದಿಸುವುದು. ಹಳೆಯ ಒಗಟು ಹೀಗೆ ಬಿಡಿಸಿತು.

ಇದು ಬರಿಯ ಪಾಂಡಿತ್ಯವಲ್ಲ. ಈಸ್ಟ್ರೊಜೆನ್ನನ್ನು ಮತ್ತೊಂದು ಹಾರ್ಮೋನಿನೊಡನೆ ಕೊಡುವ ಚಿಕಿತ್ಸೆಯಿಂದ ಮೂಳೆಮುರಿತ ಕಡಮೆಯಾದರೂ ಸ್ತನದ ಅರ್ಬುದವೂ ಪಾರ್ಶ್ವವಾಯುವೂ ಹೆಚ್ಚುವುವೆಂದು 2002ರಲ್ಲಿ ಹೊರಪಟ್ಟಿತು. ರ‍್ಯಾಂಕ್-ಎಲ್ಲನ್ನೇ ತಡೆಯುವ ಡೆನೊಸುಮಾಬ್ ಎಂಬ ಔಷಧಕ್ಕೆ 2010ರಲ್ಲಿ ಅನುಮತಿ ದೊರೆತುದರಿಂದ ಬೇರೊಂದು ದಾರಿಯು ತೆರೆಯಿತು. ಅದೂ ನಿರಪಾಯವೆನ್ನಲಾಗದು, ಥಟ್ಟನೆ ನಿಲ್ಲಿಸಿದರೆ ಮೂಳೆಯು ವೇಗವಾಗಿ ಸವೆದು ಬೆನ್ನೆಲುಬು ಮುರಿಯುವ ಭಯವುಂಟು.

ಗ್ರಂಥಿಗಳನ್ನು ಬಲ್ಲವರು ಒಂದೆಡೆ, ರೋಗನಿರೋಧವನ್ನು ಬಲ್ಲವರು ಮತ್ತೊಂದೆಡೆ ಕುಳಿತು ಬಹುಕಾಲ ಅರಸಿದುದು ಒಂದೇ ವಸ್ತುವನ್ನು. ಶಾಸ್ತ್ರಗಳ ನಡುವಣ ಗೋಡೆಗಳು ಮನುಷ್ಯನು ತನ್ನ ಅನುಕೂಲಕ್ಕಾಗಿ ಕಟ್ಟಿಕೊಂಡವು. ದೇಹದೊಳಗೆ ಅವು ಇಲ್ಲ.