ನೆಮ್ಮದಿಗೆಟ್ಟ ಕಾಲುಗಳು: ಒಂದು ವ್ಯಾಧಿಯ ಇತಿಹಾಸ

ವ್ಯಾಧಿಗಳಲ್ಲಿ ವೈದ್ಯನ ಕಣ್ಣಿಗೆ ಕಾಣುವುವು ಕೆಲವು. ರೋಗಿಯ ಬಾಯಿಂದಲೇ ತಿಳಿಯತಕ್ಕವು ಕೆಲವು. ಎರಡನೆಯ ವರ್ಗದ ವ್ಯಾಧಿಗಳ ಇತಿಹಾಸವೆಂಬುದು, ರೋಗಿಯ ಮಾತನ್ನು ಯಾರು, ಎಂದು, ಎಷ್ಟರಮಟ್ಟಿಗೆ ನಂಬಿದರೆಂಬುದರ ಇತಿಹಾಸವೇ ಆಗಿದೆ. ಕಾಲುಗಳ ಚಡಪಡಿಕೆಯ ವ್ಯಾಧಿ ಇದಕ್ಕೆ ಒಳ್ಳೆಯ ನಿದರ್ಶನ. ಹಗಲೆಲ್ಲ ಸ್ವಸ್ಥನಾಗಿ ದುಡಿದ ಮನುಷ್ಯನು ರಾತ್ರಿ ಹಾಸಿಗೆಯಲ್ಲಿ ಮೈಚಾಚಿದೊಡನೆ ಅವನ ಕಾಲುಗಳ ಒಳಗೆ ಏನೋ ಹರಿದಾಡಿದಂತೆ, ಸೆಳೆದಂತೆ ಆಗತೊಡಗುತ್ತದೆ. ಕಾಲಾಡಿಸದೆ ಇರಲಾಗುವುದಿಲ್ಲ. ಎದ್ದು ನಡೆದರೆ ಸಂಕಟ ಶಮನವಾಗುತ್ತದೆ, ಮಲಗಿದರೆ ಮರಳುತ್ತದೆ. ಮರುದಿನ ವೈದ್ಯನು ಪರೀಕ್ಷಿಸಿದರೆ ಬಾವಿಲ್ಲ, ಗಾಯವಿಲ್ಲ, ಬಲಹೀನತೆಯಿಲ್ಲ.

ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಈ ಸಂಕಟವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವನೆಂದು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್‌ನನ್ನು ಹೆಸರಿಸುವುದು ವಾಡಿಕೆ. ಮೆದುಳಿನ ಬುಡದಲ್ಲಿರುವ ರಕ್ತನಾಳಗಳ ವರ್ತುಲಕ್ಕೆ ಇಂದಿಗೂ ಇವನದೇ ಹೆಸರಿದೆ. 1672ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ, ನಿದ್ರಿಸಲೆಂದು ಮಲಗಿದವರ ಕೈಕಾಲುಗಳು ಅದಿರಿ, ನಿದ್ರೆಯೇ ಅಸಾಧ್ಯವಾಗುವ ಸ್ಥಿತಿಯನ್ನು ಅವನು ಚಿತ್ರಿಸಿದನು. ಇದರ ಮೂಲವನ್ನು ಅವನು ಅರಸಿದ್ದು ನರಮಂಡಲದಲ್ಲಿ. ರೋಗಿ ಹೇಳಿದ್ದನ್ನು ದೇಹದ ವಾಸ್ತವವೆಂದೇ ಅವನು ಗ್ರಹಿಸಿದನೆಂಬುದು ಗಮನಾರ್ಹ.

ಮುಂದಿನ ಎರಡು ಶತಮಾನಗಳಲ್ಲಿ ಜ್ಞಾನ ಬೆಳೆಯಿತು. ಈ ವಿಷಯದಲ್ಲಿ ಮಾತ್ರ ವಿಶ್ವಾಸ ಕುಗ್ಗಿತು. 1861ರಲ್ಲಿ ಜರ್ಮನಿಯ ಥಿಯೋಡೋರ್ ವಿಟ್ಮಾಕ್ ಈ ವ್ಯಾಧಿಗೆ ‘ಮೊಣಕಾಲ ಕೆಳಗಿನ ಕಳವಳ’ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನಾದರೂ, ಅದನ್ನು ಹಿಸ್ಟೀರಿಯಾದ ಒಂದು ರೂಪವೆಂದು ಎಣಿಸಿದನು. ಕಣ್ಣಿಗೆ ಕಾಣದ ನೋವನ್ನೆಲ್ಲ ಮನಸ್ಸಿನ ವಿಕಾರದ ಲೆಕ್ಕಕ್ಕೆ ಬರೆಯುವುದು ಆ ಕಾಲದ ರೂಢಿಯಾಗಿತ್ತು.

1901ರಲ್ಲಿ ಪ್ರಾಗ್ ನಗರದ ಲಾಡಿಸ್ಲಾವ್ ಹಾಶ್ಕೋವೆಟ್ಸ್, ಕುಳಿತಲ್ಲಿ ಕುಳಿತಿರಲಾರದ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ಯಾರಿಸ್ಸಿನ ವೈದ್ಯರ ಮುಂದಿರಿಸಿ, ಗ್ರೀಕ್ ಭಾಷೆಯಿಂದ ‘ಅಕಥೀಸಿಯಾ’ ಎಂಬ ಪದವನ್ನು ರೂಪಿಸಿದನು. ‘ಕೂಡಲಾರದಿರುವಿಕೆ’ ಎಂಬುದು ಅದರ ಅರ್ಥ. ಇದು ಕಾಲುಗಳ ವ್ಯಾಧಿಗೆ ನೆರೆಯದು, ಅದೇ ಅಲ್ಲ; ಇದಕ್ಕೆ ಇರುಳಿನ ಕಟ್ಟಿಲ್ಲ. ಅವನೂ ಮೊದಲಿಗೆ ಹಿಸ್ಟೀರಿಯಾವನ್ನೇ ಶಂಕಿಸಿದನು. ಆದರೆ ಅರ್ಧ ಶತಮಾನದ ತರುವಾಯ ಆ ಪದಕ್ಕೆ ಹೊಸ ಬಾಳು ಬಂದಿತು. ಭಾರತದ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ತೋರಿಸಿಕೊಟ್ಟಿದ್ದರು. ಅದೇ ಬೇರಿನಿಂದ ಪಡೆದ ರಿಸರ್ಪಿನ್ ಮತ್ತು 1952ರಿಂದ ಚಿತ್ತರೋಗಗಳಿಗೆ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಸೇವಿಸಿದ ಕೆಲವರಲ್ಲಿ ಈ ಚಡಪಡಿಕೆ ಕಾಣಿಸಿಕೊಂಡಿತು. ಔಷಧಿಯ ಈ ದೋಷವನ್ನು ಚಿತ್ತರೋಗದ ಉಲ್ಬಣವೆಂದು ಬಗೆದು, ಔಷಧಿಯ ಪ್ರಮಾಣವನ್ನೇ ಹೆಚ್ಚಿಸಿದ ಪ್ರಸಂಗಗಳುಂಟು. ರೋಗಿಯ ಮಾತಿಗೆ ಕಿವಿಗೊಡದುದರ ಫಲವಿದು.

ಕಾಲುಗಳ ವ್ಯಾಧಿಗೆ ನ್ಯಾಯ ದೊರೆತದ್ದು ಸ್ವೀಡನ್ನಿನಲ್ಲಿ. ಕಾರ್ಲ್-ಆಕ್ಸೆಲ್ ಎಕ್ಬೋಮ್ ತನ್ನ ರೋಗಿಗಳ ಮಾತನ್ನು ವಿವರವಾಗಿ ಬರೆದುಕೊಂಡು, ಒಂದರೊಡನೊಂದನ್ನು ಹೋಲಿಸಿ, 1945ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಒಬ್ಬರನ್ನೊಬ್ಬರು ಅರಿಯದವರು ಒಂದೇ ಸಂಕಟವನ್ನು ಒಂದೇ ಬಗೆಯಲ್ಲಿ ಹೇಳುತ್ತಿರಬೇಕಾದರೆ ಅದು ಕಲ್ಪನೆಯಾಗಿರಲಾರದು. ಇದು ವಿರಳವಲ್ಲವೆಂದೂ, ಮನೆತನಗಳಲ್ಲಿ ಹರಿದುಬರುವುದುಂಟೆಂದೂ, ಗರ್ಭಿಣಿಯರಲ್ಲಿ ಕಾಣುವುದೆಂದೂ ಅವನು ತೋರಿಸಿದನು. 1953ರಲ್ಲಿ ಅದೇ ದೇಶದ ನೂರ್ಡ್‌ಲಾಂಡರ್, ರಕ್ತನಾಳದ ಮೂಲಕ ಕಬ್ಬಿಣಾಂಶವನ್ನು ಕೊಟ್ಟಾಗ ಉಪಶಮನವಾಗುವುದನ್ನು ವರದಿಮಾಡಿದನು. ರಕ್ತದಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಅಂಗಾಂಶಗಳಲ್ಲಿ ಕೊರತೆಯಿರಬಹುದೆಂಬುದು ಅವನ ಊಹೆ. ಮೆದುಳಿನ ದ್ರವದಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೆರಿಟಿನ್ ಈ ರೋಗಿಗಳಲ್ಲಿ ಕಡಮೆಯಿರುವುದು 2000ದಲ್ಲಿ ಕಂಡುಬಂದಾಗ ಆ ಊಹೆಗೆ ಬಲ ಬಂದಿತು.

1982ರಲ್ಲಿ ತುರ್ಕಿಯ ಷೆವ್ಕೆತ್ ಅಕ್ಪಿನಾರ್, ಮೆದುಳಿನ ಡೋಪಮಿನ್ ಎಂಬ ದ್ರವ್ಯವನ್ನು ಹೆಚ್ಚಿಸುವ ಲೆವೊಡೋಪಾದಿಂದ ಗುಣ ಕಂಡನು. ಈ ಮಾರ್ಗವೂ ನಿಷ್ಕಂಟಕವಾಗಲಿಲ್ಲ. ಬಹುಕಾಲ ಸೇವಿಸಿದವರಲ್ಲಿ ಸಂಕಟವು ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಯುವುದೆಂದು 1996ರಲ್ಲಿ ವರದಿಯಾಯಿತು. 2025ರಲ್ಲಿ ಪ್ರಕಟವಾದ ಅಮೆರಿಕದ ನಿದ್ರಾವೈದ್ಯ ಪರಿಷತ್ತಿನ ಸೂತ್ರಗಳು ಡೋಪಮಿನ್ ವರ್ಗದ ಔಷಧಿಗಳನ್ನು ಹಿಂದಕ್ಕೆ ಸರಿಸಿ, ಗ್ಯಾಬಪೆಂಟಿನ್ ವರ್ಗದ ಔಷಧಿಗಳಿಗೂ, ಕಬ್ಬಿಣಾಂಶದ ಪರೀಕ್ಷೆ ಹಾಗೂ ಪೂರೈಕೆಗೂ ಪ್ರಾಶಸ್ತ್ಯವನ್ನಿತ್ತಿವೆ. ಔಷಧಿಯು ತಿರುಗಿಬಿದ್ದುದು ಬೆಳಕಿಗೆ ಬಂದದ್ದೂ ರೋಗಿಗಳ ಮಾತಿನಿಂದಲೇ.

ಇಷ್ಟು ಶೋಧನೆಗಳಾದ ಮೇಲೂ ಈ ವ್ಯಾಧಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಛಾಯಾಚಿತ್ರವಾಗಲಿ ಇಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಮಂಡಲಿಯೊಂದು ಗೊತ್ತುಮಾಡಿ, ಮುಂದೆ ತಿದ್ದಿದ ಲಕ್ಷಣಗಳೇ ಪ್ರಮಾಣ: ಕಾಲಾಡಿಸುವ ತುಡಿತ, ವಿಶ್ರಾಂತಿಯಲ್ಲಿ ಅದರ ಹೆಚ್ಚಳ, ಚಲನೆಯಿಂದ ಶಮನ, ಇರುಳಿನಲ್ಲಿ ಉಲ್ಬಣ, ಇವಕ್ಕೆ ಅನ್ಯ ಕಾರಣವಿಲ್ಲದಿರುವುದು. ಮೊದಲ ನಾಲ್ಕನ್ನೂ ಹೇಳಬಲ್ಲವನು ರೋಗಿಯೊಬ್ಬನೇ. ವಿಲ್ಲಿಸ್‌ನ ಮುಂದೆ ಇದ್ದ ಸಾಕ್ಷ್ಯವೂ ಅದೇ, ಇಂದಿನ ವೈದ್ಯನ ಮುಂದಿರುವುದೂ ಅದೇ. ನಡುವಣ ಶತಮಾನಗಳಲ್ಲಿ ಕೊರತೆಯಾದದ್ದು ಸಾಕ್ಷ್ಯವಲ್ಲ, ಅದನ್ನು ಕೇಳುವ ತಾಳ್ಮೆ.